ಇಂದ್ರಿಯಗಳಿಗೊಂದು ಪಾಠಶಾಲೆ: ಮಾಂಟೆಸ್ಸರಿ ಕೋಣೆ ರೂಪುಗೊಂಡ ಬಗೆ

ಫ್ರಾನ್ಸಿನ ಅವೆರೋನ್ ಸೀಮೆಯ ಕಾಡಿನಲ್ಲಿ ಸಿಕ್ಕ, ಮಾತು ಬಾರದ ಹುಡುಗನೊಬ್ಬನನ್ನು 1800ರಲ್ಲಿ ಪ್ಯಾರಿಸ್ಸಿಗೆ ಕರೆತಂದರು. ಕಿವುಡ ಮಕ್ಕಳ ಸಂಸ್ಥೆಯ ವೈದ್ಯ ಇತಾರ್ ಅವನನ್ನು ವಿಕ್ಟರ್ ಎಂದು ಕರೆದು, ಬಿಸಿನೀರ ಸ್ನಾನದಿಂದ ಚರ್ಮವನ್ನೂ, ಕಣ್ಣು ಕಟ್ಟಿ ಕೇಳಿಸಿದ ಸದ್ದುಗಳಿಂದ ಕಿವಿಯನ್ನೂ ಎಚ್ಚರಿಸಲು ವರ್ಷಗಟ್ಟಲೆ ಶ್ರಮಿಸಿದರು. ವಿಕ್ಟರ್ ಮಾತು ಕಲಿಯಲಿಲ್ಲ. ಆದರೆ ಬುದ್ಧಿಗೆ ದಾರಿ ಇಂದ್ರಿಯಗಳ ಮೂಲಕವೇ ಎಂಬ ನಂಬಿಕೆ ಇತಾರರ ಶಿಷ್ಯ ಸೆಗ್ವೆನ್ ಅವರಲ್ಲಿ ಉಳಿಯಿತು. ಅವರು ಬುದ್ಧಿಮಾಂದ್ಯ ಮಕ್ಕಳಿಗಾಗಿ ಆ ವಿಧಾನವನ್ನು ಬೆಳೆಸಿದರು.

1896ರಲ್ಲಿ ರೋಮಿನಲ್ಲಿ ವೈದ್ಯ ಪದವಿ ಪಡೆದ ಮರಿಯಾ ಮಾಂಟೆಸ್ಸರಿ ಇವರಿಬ್ಬರ ಬರಹಗಳನ್ನು ತಮ್ಮ ಕೈಯಿಂದಲೇ ಇಟಾಲಿಯನ್ನಿಗೆ ಬರೆದುಕೊಂಡರು. ಬುದ್ಧಿಮಾಂದ್ಯರೆನಿಸಿಕೊಂಡ ಮಕ್ಕಳಿಗೆ ಇಷ್ಟು ಫಲಿಸುವ ವಿಧಾನವನ್ನು ಉಳಿದ ಮಕ್ಕಳಿಗೇಕೆ ಕೊಡಬಾರದು ಎಂಬ ಅವರ ಪ್ರಶ್ನೆಗೆ 1907ರ ಜನವರಿ 6ರಂದು ರೋಮಿನ ಸಾನ್ ಲೊರೆಂಜೊ ಎಂಬ ಬಡ ಬಡಾವಣೆಯಲ್ಲಿ ತೆರೆದ ಮಕ್ಕಳ ಶಾಲೆಯಲ್ಲಿ ಅವಕಾಶ ಸಿಕ್ಕಿತು.

ಅಲ್ಲಿ ಬಳಸಿದ ಪರಿಕರಗಳನ್ನು ಗಮನವಿಟ್ಟು ನೋಡಬೇಕು. ಗುಲಾಬಿ ಗೋಪುರದಲ್ಲಿ 10 ಘನಗಳು. ಅತಿ ಚಿಕ್ಕದರ ಬದಿ 1 ಸೆಂಟಿಮೀಟರ್, ದೊಡ್ಡದರದು 10. ಬಣ್ಣ ಒಂದೇ, ಆಕಾರ ಒಂದೇ. ಬದಲಾಗುವುದು ಗಾತ್ರ, ಅದರೊಂದಿಗೆ ತೂಕ. ಬಣ್ಣದ ಬಿಲ್ಲೆಗಳಲ್ಲಿ ಇದರ ತಿರುವುಮುರುವು: ಅಳತೆ ಒಂದೇ, ಬಣ್ಣ ಮಾತ್ರ ಬೇರೆ. ಮರದ ದಿಮ್ಮಿಯ ಕುಳಿಗಳಲ್ಲಿ ಕೂರಿಸುವ ಸಿಲಿಂಡರ್‌ಗಳಲ್ಲಿ ಒಂದು ತಪ್ಪಾದ ಕುಳಿಗೆ ಹೋದರೆ ಕೊನೆಗೊಂದು ಹೊಂದದೆ ಉಳಿಯುತ್ತದೆ. ತಪ್ಪು ತೋರಿಸಲು ಶಿಕ್ಷಕಿ ಬೇಕಿಲ್ಲ. ಸ್ಯಾಂಡ್‌ಪೇಪರ್ ಅಕ್ಷರದ ಮೇಲೆ ಬೆರಳಾಡಿಸಿದ ಮಗುವಿಗೆ ಬರವಣಿಗೆ ಮೊದಲು ಕೈಗೆ ಬರುತ್ತದೆ.

ಆದರೂ ಪರಿಕರಗಳಷ್ಟೇ ಮಾಂಟೆಸ್ಸರಿ ಅಲ್ಲ. ಮೊದಮೊದಲು ಅವೆಲ್ಲ ಬೀಗ ಹಾಕಿದ ಬೀರುವಿನಲ್ಲಿದ್ದವು. ಒಂದು ದಿನ ಶಿಕ್ಷಕಿ ತಡವಾಗಿ ಬಂದಾಗ, ಮುಚ್ಚಲು ಮರೆತಿದ್ದ ಬೀರುವಿನಿಂದ ಮಕ್ಕಳು ಬೇಕಾದುದನ್ನು ತೆಗೆದುಕೊಂಡಿದ್ದರು. ಶಿಕ್ಷಕಿಗೆ ಅದು ಕಳ್ಳತನವಾಗಿ ಕಂಡಿತು, ಮಾಂಟೆಸ್ಸರಿಗೆ ಆಯ್ಕೆಯಾಗಿ. ಮುಂದೆ ಮಕ್ಕಳ ಕೈಗೆಟುಕುವ ತಗ್ಗು ಕಪಾಟುಗಳು ಬಂದವು. ನನ್ನ ಮಟ್ಟಿಗೆ ಕಲಿಕಾ ಪರಿಸರದ ಚರಿತ್ರೆ ಶುರುವಾಗುವುದು ಇಲ್ಲಿಂದಲೇ. ಇತಾರರಲ್ಲಿ ವೈದ್ಯರು ಇಂದ್ರಿಯವನ್ನು ಕೆಣಕುತ್ತಿದ್ದರು; ಇಲ್ಲಿ ಮಗು ತಾನೇ ಹೋಗಿ ಕೆಲಸ ಹುಡುಕಿಕೊಂಡಿತು.

1914ರಲ್ಲಿ ಅಮೆರಿಕದ ಶಿಕ್ಷಣತಜ್ಞ ಕಿಲ್‌ಪ್ಯಾಟ್ರಿಕ್ ಈ ಪದ್ಧತಿಯನ್ನು ಕಟುವಾಗಿ ಟೀಕಿಸಿದರು: ಘನಗಳಲ್ಲಿ ಪಳಗಿದ ಕಣ್ಣು ಬದುಕಿನ ಬೇರೆಡೆಯೂ ಚುರುಕಾಗುತ್ತದೆ ಎನ್ನುವುದು ಹಳತಾದ ಸಿದ್ಧಾಂತ. ಈ ಟೀಕೆಯಲ್ಲಿ ಹುರುಳಿದೆ. ಆದರೆ ಆ ಪರಿಕರಗಳು ಮಗುವಿನಲ್ಲಿ ಬೆಳೆಸುವ ಏಕಾಗ್ರತೆಗೆ ಅವರು ಬೆಲೆ ಕಟ್ಟಲಿಲ್ಲ. ಆ ಟೀಕೆಯ ಬಳಿಕ ಅಮೆರಿಕದಲ್ಲಿ ಕುಗ್ಗಿದ ಈ ಪದ್ಧತಿ ಮತ್ತೆ ಚೇತರಿಸಿಕೊಂಡದ್ದು 1960ರ ಹೊತ್ತಿಗೆ.

ಭಾರತದಲ್ಲಿ ಶಿಕ್ಷಣತಜ್ಞ ಗಿಜುಭಾಯಿ ಬಧೇಕಾ 1920ರಲ್ಲೇ ಭಾವನಗರದಲ್ಲಿ ಬಾಲಮಂದಿರ ತೆರೆದಿದ್ದರು. 1939ರಲ್ಲಿ ಮಾಂಟೆಸ್ಸರಿ ಮದರಾಸಿನ ಅಡ್ಯಾರಿಗೆ ಬಂದರು. ಇಟಲಿ ಯುದ್ಧಕ್ಕಿಳಿದದ್ದರಿಂದ ಶತ್ರುದೇಶದವರೆನಿಸಿ ಇಲ್ಲೇ ಉಳಿಯಬೇಕಾಯಿತು. ಕೊಡೈಕನಾಲಿನ ವರ್ಷಗಳಲ್ಲಿ ಗಿಡ, ಕಲ್ಲು, ಹುಳುಗಳೂ ಪಾಠವಾದವು. ದುಬಾರಿ ಮರದ ಪರಿಕರದ ತೊಡಕನ್ನು ಬಿಡಿಸಿದವರು ತಾರಾಬಾಯಿ ಮೋಡಕ್: 1945ರಿಂದ ಬೋರ್ಡಿ ಎಂಬಲ್ಲಿ ಊರಲ್ಲೇ ಸಿಗುವ ವಸ್ತುಗಳಿಂದ ಬಡಮಕ್ಕಳಿಗೆ ಕಲಿಸಿದರು. ಅವರು ನಡೆಸಿದ ಅಂಗನವಾಡಿಯ ಹೆಸರೇ 1975ರಲ್ಲಿ ಸರ್ಕಾರದ ಯೋಜನೆಗೂ ಬಂತು. ಕರ್ನಾಟಕದಲ್ಲಿ ಆ ಯೋಜನೆ ಮೊದಲು ಬಂದದ್ದು ತಿ. ನರಸೀಪುರಕ್ಕೆ.

ಇತ್ತೀಚಿನ ಸಂಶೋಧನೆಗಳೂ ಗಮನಾರ್ಹ. ಮನೋವಿಜ್ಞಾನಿ ಏಂಜಲೀನ್ ಲಿಲ್ಲಾರ್ಡ್ ಅವರ 2012ರ ಅಧ್ಯಯನದಲ್ಲಿ, ಮೂಲ ಪರಿಕರಗಳನ್ನಷ್ಟೇ ಇಟ್ಟುಕೊಂಡ ತರಗತಿಯ ಮಕ್ಕಳು, ಅವುಗಳ ಜೊತೆ ಬೇರೆ ಸಾಮಗ್ರಿ ಸೇರಿಸಿದ ತರಗತಿಯವರಿಗಿಂತ ಹೆಚ್ಚು ಮುಂದುವರಿದರು. 2014ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು, ಗೋಡೆ ತುಂಬ ಅಲಂಕಾರವಿರುವ ಕೋಣೆಯಲ್ಲಿ ಪುಟ್ಟ ಮಕ್ಕಳ ಗಮನ ಚೆದುರಿ ಕಲಿಕೆ ಕುಗ್ಗುವುದನ್ನು ಕಂಡರು. ಪ್ರಚೋದನೆ ಹೆಚ್ಚಿದಷ್ಟೂ ಒಳ್ಳೆಯದೆಂಬ ಇಂದಿನ ಮಾರುಕಟ್ಟೆಯ ನಂಬಿಕೆಗೆ ಈ ಕ್ಷೇತ್ರದ ಚರಿತ್ರೆಯಲ್ಲಿ ಆಧಾರವಿಲ್ಲ.

ಮಾಂಟೆಸ್ಸರಿ ಎಂಬ ಹೆಸರನ್ನು ಯಾರು ಬೇಕಾದರೂ ಫಲಕಕ್ಕೆ ಹಾಕಿಕೊಳ್ಳಬಹುದು. ಹಾಗಾಗಿ ಮಗುವನ್ನು ಸೇರಿಸುವ ಮುನ್ನ ತಂದೆತಾಯಂದಿರು ಗೋಡೆಯ ಬಣ್ಣ ನೋಡದೆ ಕಪಾಟು ನೋಡಲಿ: ಅದು ಮಗುವಿನ ಕೈಗೆ ಎಟುಕುತ್ತದೆಯೇ? ತೆಗೆದದ್ದನ್ನು ಮಗುವೇ ಹಿಂದಿಡುತ್ತದೆಯೇ? ಹಿಡಿದ ಕೆಲಸ ಮುಗಿಯುವವರೆಗೆ ಮಗುವನ್ನು ಯಾರೂ ಎಬ್ಬಿಸದೆ ಬಿಡುತ್ತಾರೆಯೇ?