ಡೇಟಾ ಜಾಲದಲ್ಲಿ ಮಾತು: ಐವತ್ತು ವರ್ಷಗಳ ಗುದ್ದಾಟ

ಇಮೇಲ್ ಎರಡು ಸೆಕೆಂಡು ತಡವಾಗಿ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ. ಫೋನಿನಲ್ಲಿ ಮಾತು ಅರ್ಧ ಸೆಕೆಂಡು ತಡವಾದರೆ ಇಬ್ಬರೂ ಒಟ್ಟಿಗೇ ಬಾಯಿ ತೆರೆಯುತ್ತಾರೆ, ಒಟ್ಟಿಗೇ ಸುಮ್ಮನಾಗುತ್ತಾರೆ, ಆಮೇಲೆ ‘ಹಲೋ, ಕೇಳಿಸ್ತಿದೆಯಾ?’ ಶುರುವಾಗುತ್ತದೆ. ಹಳೆಯ ಇಪಿಎಬಿಎಕ್ಸ್ ಪೆಟ್ಟಿಗೆ ಕಳಚಿ, ಫೋನುಗಳನ್ನು ಕಂಪ್ಯೂಟರ್ ಜಾಲಕ್ಕೇ ಸಿಕ್ಕಿಸಿದ ಅನೇಕ ಕಚೇರಿಗಳಿಗೆ ಈ ಪಾಡು ಪರಿಚಿತ. ಆಗ ಮೊದಲು ಹೊಳೆಯುವ ಪರಿಹಾರ, ಇನ್ನಷ್ಟು ಬ್ಯಾಂಡ್‌ವಿಡ್ತ್ ಕೊಳ್ಳುವುದು. ಈ ಕ್ಷೇತ್ರದ ಇತಿಹಾಸ ಕಲಿಸುವ ಪಾಠ ಬೇರೆಯೇ ಇದೆ. ಮಾತಿಗೆ ಬೇಕಾದ ಜಾಗ ತೀರಾ ಕಡಿಮೆ. ಅದು ಹಟ ಹಿಡಿಯುವುದು ಸಮಯಕ್ಕೆ. ಆ ಸಮಯವನ್ನು ಕಾಯುವ ವಿದ್ಯೆ ಬೆಳೆದು ಬಂದ ಬಗೆಯನ್ನು ಇಲ್ಲಿ ನೋಡೋಣ.

ಟೆಲಿಫೋನಿನಿಂದ ಬಂದ ಲೆಕ್ಕ

ಹಳೆಯ ಟೆಲಿಫೋನ್ ವ್ಯವಸ್ಥೆಯಲ್ಲಿ ಕರೆ ಮುಗಿಯುವ ತನಕ ಒಂದು ದಾರಿ ಆ ಕರೆಗೇ ಮೀಸಲು. ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಗೆ 8 ಬಿಟ್ ಕೊಟ್ಟರೆ 64 ಕಿಲೋಬಿಟ್. ಜಿ.711 ಎಂಬ ಮಾನಕದ ತಿರುಳು ಇಷ್ಟೇ. ಎಷ್ಟು ದಾರಿ ಬೇಕೆಂಬ ಲೆಕ್ಕವನ್ನು ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಎ. ಕೆ. ಎರ್ಲಾಂಗ್ 1917ರಲ್ಲೇ ಸೂತ್ರವಾಗಿ ಕೊಟ್ಟಿದ್ದರು. ಅತಿ ಹೆಚ್ಚು ಕರೆಗಳಿರುವ ಗಂಟೆಯಲ್ಲಿ ಒಂದು ಕಚೇರಿಯಿಂದ ಮೂರು ಮೂರು ನಿಮಿಷದ 200 ಕರೆ ಹೋಗುತ್ತವೆ ಎನ್ನಿ. ಒಟ್ಟು 600 ನಿಮಿಷ, ಅಂದರೆ ಅವರದೇ ಹೆಸರಿನ ಅಳತೆಯಲ್ಲಿ 10 ಎರ್ಲಾಂಗ್. ನೂರರಲ್ಲಿ ಒಂದು ಕರೆಗಿಂತ ಹೆಚ್ಚು ‘ಲೈನ್ ಬಿಜಿ’ ಆಗಬಾರದು ಎಂದರೆ 18 ದಾರಿ ಬೇಕು. ಶತಮಾನ ಕಳೆದರೂ ಜಾಲ ಕಟ್ಟುವವರು ಈ ಸೂತ್ರವನ್ನು ಬಿಟ್ಟಿಲ್ಲ.

ಅರ್ಪಾನೆಟ್‌ನಲ್ಲಿ ಮೊದಲ ಮಾತು

ಡೇಟಾ ಜಾಲದ ರೀತಿಯೇ ಬೇರೆ. ಅಲ್ಲಿ ಯಾರಿಗೂ ದಾರಿ ಮೀಸಲಿಲ್ಲ. ಮಾಹಿತಿ ಪ್ಯಾಕೆಟ್‌ಗಳಾಗಿ ಒಡೆದು, ಸಿಕ್ಕ ಜಾಗದಲ್ಲಿ ನುಗ್ಗಿ ಹೋಗುತ್ತದೆ. ಇಂಥ ಜಾಲದಲ್ಲಿ ಮಾತು ಸಾಧ್ಯವೇ ಎಂದು ಅಮೆರಿಕದ ಅರ್ಪಾನೆಟ್‌ನಲ್ಲಿ 1974ರಲ್ಲಿ ಪ್ರಯೋಗ ನಡೆಯಿತು. ದಕ್ಷಿಣ ಕ್ಯಾಲಿಫೋರ್ನಿಯಾದ ಇನ್ಫರ್ಮೇಶನ್ ಸೈನ್ಸಸ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದ ಡ್ಯಾನಿ ಕೊಹೆನ್ ಮತ್ತು ಎಂಐಟಿಯ ಲಿಂಕನ್ ಲ್ಯಾಬೊರೇಟರಿಯ ತಜ್ಞರು ಇದರಲ್ಲಿ ಮುಂದಿದ್ದರು. ಅವರ ನೆಟ್‌ವರ್ಕ್ ವಾಯ್ಸ್ ಪ್ರೊಟೊಕಾಲ್ 1977ರಲ್ಲಿ ಪ್ರಕಟವಾಯಿತು.

ಕಳೆದುಹೋದ ಪ್ಯಾಕೆಟ್ಟನ್ನು ಮತ್ತೆ ತರಿಸಿಕೊಳ್ಳುವುದು ಡೇಟಾಕ್ಕೆ ವರ, ಮಾತಿಗೆ ಶಾಪ ಎಂಬುದು ಆ ಪ್ರಯೋಗಗಳಲ್ಲಿ ಸ್ಪಷ್ಟವಾಯಿತು. ಹಳೆಯ ಚೂರಿಗಾಗಿ ಕಾಯುತ್ತ ಕೂತರೆ ಹೊಸ ಮಾತೂ ಹಿಂದೆ ಬೀಳುತ್ತದೆ. ತಡವಾಗಿ ಬಂದ ದನಿಗಿಂತ ಬಾರದ ದನಿಯೇ ಮೇಲು. ಡೇಟಾ ಸಾಗಣೆಯ ಒಂದೇ ನಿಯಮಾವಳಿಯಾಗಿದ್ದ ಟಿಸಿಪಿಯನ್ನು ಟಿಸಿಪಿ ಮತ್ತು ಐಪಿ ಎಂದು 1978ರಲ್ಲಿ ಬೇರ್ಪಡಿಸಿದ್ದರ ಹಿಂದೆ ಮಾತಿನ ಈ ಬೇಡಿಕೆಯೂ ಇತ್ತು. ಮರುರವಾನೆಯ ಗೊಡವೆಯಿಲ್ಲದ ಯುಡಿಪಿ 1980ರಲ್ಲಿ ಬಂತು. ಇಂದಿಗೂ ಐಪಿ ಕರೆಗಳು ಹೆಚ್ಚಾಗಿ ಅದರ ಮೇಲೇ ಸವಾರಿ ಮಾಡುತ್ತವೆ.

ಕಚೇರಿಯೊಳಗೆ ಪ್ರವೇಶ

ಇಸ್ರೇಲಿನ ವೋಕಲ್‌ಟೆಕ್ 1995ರಲ್ಲಿ ಮನೆ ಕಂಪ್ಯೂಟರಿಗೆ ಇಂಟರ್‌ನೆಟ್ ಫೋನ್ ತಂತ್ರಾಂಶ ಮಾರಿತು. ಪ್ಯಾಕೆಟ್ಟಿಗೆ ಕ್ರಮಸಂಖ್ಯೆ, ಸಮಯಮುದ್ರೆ ಹಚ್ಚುವ ಆರ್‌ಟಿಪಿ 1996ರಲ್ಲಿ ಸಿದ್ಧವಾಯಿತು. ಕರೆ ಜೋಡಿಸಲು ಅದೇ ವರ್ಷ ಎಚ್.323, 1999ರಲ್ಲಿ ಎಸ್‌ಐಪಿ ಬಂದವು. ಶಾಖೆಗಳ ನಡುವೆ ಹೇಗೂ ಲೀಸ್ಡ್ ಲೈನ್ ಇದೆ, ಎಸ್‌ಟಿಡಿ ಬಿಲ್ಲು ಯಾಕೆ ಕಟ್ಟಬೇಕು ಎಂದು ವ್ಯಾಪಾರ ಸಂಸ್ಥೆಗಳು ಯೋಚಿಸಿದವು.

ಲೆಕ್ಕ ಬಿಗಿಯಾದದ್ದು ಇಲ್ಲೇ. ಜಿ.711ರಲ್ಲಿ 20 ಮಿಲಿಸೆಕೆಂಡಿನ ಮಾತು 160 ಬೈಟ್. ಅದಕ್ಕೆ ಐಪಿ, ಯುಡಿಪಿ, ಆರ್‌ಟಿಪಿಗಳ ವಿಳಾಸ-ವಿವರ 40 ಬೈಟ್. ಸೆಕೆಂಡಿಗೆ 50 ಪ್ಯಾಕೆಟ್; ಒಟ್ಟು 80 ಕಿಲೋಬಿಟ್. ದನಿಯನ್ನು 8 ಕಿಲೋಬಿಟ್ಟಿಗೆ ಹಿಂಡುವ ಜಿ.729 ಬಳಸಿದರೆ ಮಾತು 20 ಬೈಟ್, ವಿಳಾಸ ಅದರ ಎರಡರಷ್ಟು! ಹಾಗಾಗಿ ಕರೆಗೆ 24 ಕಿಲೋಬಿಟ್ ಬೇಕಾಗುತ್ತದೆ. ಆ 40 ಬೈಟುಗಳನ್ನು ಎರಡರಿಂದ ನಾಲ್ಕು ಬೈಟಿಗೆ ಇಳಿಸುವ ಉಪಾಯವನ್ನು ಸ್ಟೀಫನ್ ಕ್ಯಾಸ್ನರ್ ಮತ್ತು ವ್ಯಾನ್ ಜೇಕಬ್ಸನ್ 1999ರಲ್ಲಿ ಕೊಟ್ಟರು. ಮೇಲಿನ 18 ದಾರಿಗಳಿಗೆ ಜಿ.711ರಲ್ಲಿ 1,440 ಕಿಲೋಬಿಟ್, ಜಿ.729ರಲ್ಲಿ 432. ಎರಡೂ ಆ ಕಾಲದ 2 ಮೆಗಾಬಿಟ್ ಲೈನಿನೊಳಗೆ ಹಿಡಿಸುತ್ತವೆ. ಆದರೂ ಮಾತು ಕೆಡುತ್ತಿತ್ತು. ಯಾಕೆ?

ಸಾಲಿನ ಶಿಸ್ತು

ಒಂಟಿ ದಾರಿಯ ಸೇತುವೆ ಮೇಲೆ ಲಾರಿಯೊಂದು ಹತ್ತಿದರೆ ಹಿಂದಿನ ಸೈಕಲ್ ಸವಾರ ಕಾಯಲೇಬೇಕು. 1,500 ಬೈಟಿನ ಒಂದು ಡೇಟಾ ಪ್ಯಾಕೆಟ್ ನಿಧಾನದ 64 ಕಿಲೋಬಿಟ್ ಲೈನಿನಿಂದ ಹೊರಬೀಳಲು 187 ಮಿಲಿಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಐಟಿಯು ಸಂಸ್ಥೆಯ ಜಿ.114 ಶಿಫಾರಸಿನ ಪ್ರಕಾರ ಬಾಯಿಂದ ಕಿವಿಗೆ 150 ಮಿಲಿಸೆಕೆಂಡಿನೊಳಗೆ ಮಾತು ತಲುಪಿದರೆ ಸಂಭಾಷಣೆ ಸಲೀಸು, 400 ದಾಟಬಾರದು. ಒಂದೇ ಒಂದು ದೊಡ್ಡ ಪ್ಯಾಕೆಟ್ ಅಡ್ಡ ಬಂದರೆ ಇಡೀ 150 ಅಲ್ಲೇ ಕರಗಿತು. ನಿಧಾನದ ಲೈನುಗಳಲ್ಲಿ ದೊಡ್ಡ ಪ್ಯಾಕೆಟ್ಟನ್ನು ತುಂಡರಿಸಿ, ತುಂಡುಗಳ ನಡುವೆ ಮಾತನ್ನು ತೂರಿಸುವ ಪದ್ಧತಿ ಹುಟ್ಟಿದ್ದು ಇದಕ್ಕಾಗಿ.

ಇನ್ನೊಂದು ಕಾಟ ಜಿಟ್ಟರ್. ಒಂದು ಪ್ಯಾಕೆಟ್ 30 ಮಿಲಿಸೆಕೆಂಡಿಗೆ, ಮುಂದಿನದು 70ಕ್ಕೆ ಬಂದರೆ ದನಿ ಒಡೆಯುತ್ತದೆ. ಅದನ್ನು ಸಮ ಮಾಡಲು ಕೇಳುಗನ ಫೋನಿನಲ್ಲಿ ಪುಟ್ಟ ದಾಸ್ತಾನು, ಜಿಟ್ಟರ್ ಬಫರ್, ಇರುತ್ತದೆ. ಅದನ್ನು ದೊಡ್ಡದು ಮಾಡಿದರೆ ಮಾತು ನಯವಾಗುತ್ತದೆ, ಆದರೆ ತಡವಾಗುತ್ತದೆ. ಚಿಕ್ಕದು ಮಾಡಿದರೆ ಬೇಗ ಬರುತ್ತದೆ, ಆದರೆ ತಡವಾದ ಚೂರುಗಳು ಕಸದಬುಟ್ಟಿ ಸೇರುತ್ತವೆ.

ಸಾಲಿನಲ್ಲಿ ಯಾರು ಮೊದಲು ಎಂಬ ಪ್ರಶ್ನೆಗೆ 1989ರಲ್ಲಿ ಡೆಮರ್ಸ್, ಎಸ್. ಕೇಶವ್ ಮತ್ತು ಸ್ಕಾಟ್ ಶೆಂಕರ್ ‘ಫೇರ್ ಕ್ಯೂಯಿಂಗ್’ ಮಂಡಿಸಿದರು: ಒಬ್ಬನೇ ಹೊಟ್ಟೆಬಾಕನಂತೆ ಲೈನನ್ನು ನುಂಗದಂತೆ ಎಲ್ಲರಿಗೂ ಸರದಿ. 1994ರ ಇಂಟ್‌ಸರ್ವ್ ಚಿಂತನೆ ಒಂದು ಹೆಜ್ಜೆ ಮುಂದೆ ಹೋಗಿ, ಪ್ರತಿ ಕರೆಗೂ ದಾರಿಯುದ್ದಕ್ಕೂ ಜಾಗ ಕಾದಿರಿಸಲು ಹೊರಟಿತು. ಆದರೆ ಲಕ್ಷಾಂತರ ಕರೆಗಳ ನೆನಪನ್ನು ಪ್ರತಿ ರೂಟರ್ ಇಟ್ಟುಕೊಳ್ಳುವುದು ದೊಡ್ಡ ಜಾಲಗಳಲ್ಲಿ ಆಗದ ಮಾತಾಯಿತು. 1998ರ ಡಿಫ್‌ಸರ್ವ್ ಸರಳವಾದ ಹಾದಿ ಹಿಡಿಯಿತು. ಪ್ಯಾಕೆಟ್ಟಿನ ಹಣೆಯ ಮೇಲೆ ಆರು ಬಿಟ್ಟಿನ ಗುರುತು. ಮಾತಿಗೆ 46 ಎಂಬ ಅಂಕಿ. ಅದನ್ನು ಕಂಡ ರೂಟರ್ ಮುಂದಿನ ಸರದಿ ಅದಕ್ಕೇ ಕೊಡಬೇಕು. ವ್ಯಾಪಾರ ಜಾಲಗಳಲ್ಲಿ ನೆಲೆ ನಿಂತದ್ದು ಇದೇ.

ಆದ್ಯತೆಗೂ ಮಿತಿ ಬೇಕೆಂಬ ಅರಿವು ಬಳಕೆಯಿಂದ ಬಂತು. ಮಾತಿಗೆ ಲೈನಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ಕೊಟ್ಟರೆ ಉಳಿದವರು ಉಪವಾಸ ಬೀಳುತ್ತಾರೆ ಎಂಬುದು ವಿನ್ಯಾಸಕಾರರಲ್ಲಿ ರೂಢಿಯಾಯಿತು. 18 ಕರೆಗೆ ಜಾಗವಿದ್ದಾಗ ಹತ್ತೊಂಬತ್ತನೆಯದನ್ನು ಒಳಬಿಟ್ಟರೆ ಕೆಡುವುದು ಆ ಒಂದು ಕರೆಯಲ್ಲ, ಹತ್ತೊಂಬತ್ತೂ. ಆದ್ದರಿಂದ ಹೆಚ್ಚುವರಿ ಕರೆಗೆ ‘ಬಿಜಿ’ ಎಂದು ಹೇಳುವ ನಿಯಂತ್ರಣವೂ ಸೇರಿತು. ತಿರುಗಿ ನೋಡಿದರೆ ಇದು ಎರ್ಲಾಂಗರ ಹಳೆಯ ಲೆಕ್ಕವೇ.

ಕಿವಿಯಿಂದ ಅಳತೆ

ಗುಣಮಟ್ಟವನ್ನು ಅಳೆಯುವ ಬಗೆಯೂ ಬದಲಾಯಿತು. ಜನರನ್ನು ಕೂರಿಸಿ ಮಾತು ಕೇಳಿಸಿ, ಒಂದರಿಂದ ಐದರವರೆಗೆ ಅಂಕ ಕೊಡಿಸಿ ಸರಾಸರಿ ತೆಗೆಯುವುದು ಎಂಒಎಸ್. ನಂಬಲರ್ಹ ವಿಧಾನ, ಆದರೆ ನಡೆಯುತ್ತಿರುವ ಜಾಲದಲ್ಲಿ ದಿನವೂ ಮಾಡಲಾಗದು. 1998ರಲ್ಲಿ ಐಟಿಯು ಕೊಟ್ಟ ಇ-ಮಾಡೆಲ್ ವಿಳಂಬ, ಪ್ರತಿಧ್ವನಿ, ಕೋಡೆಕ್ (ದನಿಯನ್ನು ಬಿಟ್ಟುಗಳಿಗೆ ಇಳಿಸುವ ವಿಧಾನ), ಪ್ಯಾಕೆಟ್ ನಷ್ಟಗಳನ್ನು ಒಂದೇ ಆರ್ ಅಂಕಕ್ಕೆ ಇಳಿಸಿತು. ಎಲ್ಲ ಸರಿಯಿದ್ದರೆ 93ರ ಆಸುಪಾಸು, ಜಿ.729 ಆರಿಸಿದ ತಕ್ಷಣ ಹತ್ತು ಅಂಕ ಕಳೆಯಿತು. 70ಕ್ಕಿಂತ ಕೆಳಗಿಳಿದರೆ ದೂರುಗಳು ಬರುತ್ತವೆ. ಲೈನ್ ಉಳಿಸಲು ಕೋಡೆಕ್ಕಿನಲ್ಲಿ ಎಷ್ಟು ಬಿಟ್ಟುಕೊಡಬಹುದು ಎಂದು ಜಾಲ ಕಟ್ಟುವ ಮೊದಲೇ ತೂಗಿ ನೋಡಲು ಇದರಿಂದ ಸಾಧ್ಯವಾಯಿತು. 2003ರಲ್ಲಿ ಬಂದ, ಆರ್‌ಟಿಪಿಯ ಜೊತೆಗಾರ ಆರ್‌ಟಿಸಿಪಿಯ ವಿಸ್ತೃತ ವರದಿಗಳು ಫೋನಿನಿಂದಲೇ ಪ್ರತಿ ಕರೆಯ ಆರೋಗ್ಯವನ್ನು ಹೇಳಿಸಿದವು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ದೊಡ್ಡ ಸಾಧನೆ ಇದು. ರೂಟರ್ ‘ಎಲ್ಲ ಸರಿ’ ಎನ್ನುವಾಗಲೂ ಕೇಳುಗನಿಗೆ ಏನು ಕೇಳಿಸುತ್ತಿದೆ ಎಂಬುದಕ್ಕೆ ಸಾಕ್ಷಿ ಸಿಕ್ಕಿತು.

ನಮ್ಮ ನಾಡಿನ ಗಡಿಗಳು

ಬೆಂಗಳೂರಿನ ಕಾಲ್ ಸೆಂಟರುಗಳಿಗೆ ಗಡಿ ಹಾಕಿದ್ದು ಭೌತಶಾಸ್ತ್ರ. ಬೆಂಗಳೂರಿನಿಂದ ನ್ಯೂಯಾರ್ಕಿಗೆ ನೇರ ದೂರವೇ 13,000 ಕಿಲೋಮೀಟರಿಗೂ ಹೆಚ್ಚು. ಗಾಜಿನೆಳೆಯಲ್ಲಿ ಬೆಳಕು ಸಾವಿರ ಕಿಲೋಮೀಟರಿಗೆ 5 ಮಿಲಿಸೆಕೆಂಡು ತೆಗೆದುಕೊಳ್ಳುವುದರಿಂದ, ಕಡಲ ಕೇಬಲ್ಲಿನ ಸುತ್ತುದಾರಿ ಬಿಟ್ಟರೂ 150ರ ಮಿತಿಯಲ್ಲಿ 65 ಅಲ್ಲಿಗೇ ಹೋಯಿತು. ಉಳಿದ ಎಂಬತ್ತು ಚಿಲ್ಲರೆಯಲ್ಲೇ ಕೋಡೆಕ್, ಸಾಲು, ಜಿಟ್ಟರ್ ಬಫರ್ ಎಲ್ಲವೂ ಮುಗಿಯಬೇಕು. ಎರಡನೆಯ ಗಡಿ ಕಾನೂನಿನದು. ಇಂಟರ್‌ನೆಟ್ ಟೆಲಿಫೋನಿಗೆ 2002ರ ಏಪ್ರಿಲ್‌ನಲ್ಲಿ ಷರತ್ತಿನ ಅನುಮತಿ ಸಿಕ್ಕಿದರೂ ಖಾಸಗಿ ಐಪಿ ಜಾಲವನ್ನು ಸಾರ್ವಜನಿಕ ಟೆಲಿಫೋನ್ ಜಾಲದೊಂದಿಗೆ ಬೆಸೆಯಲು ಬಿಗಿ ನಿರ್ಬಂಧವಿತ್ತು. ಹೊರಗುತ್ತಿಗೆ ಕೇಂದ್ರಗಳ ನಿಯಮಗಳು ಸಡಿಲವಾದದ್ದು 2020ರ ನವೆಂಬರಿನಲ್ಲಿ, ಮತ್ತೆ 2021ರ ಜೂನ್‌ನಲ್ಲಿ.

ಅಗಲವಾದ ದಾರಿ, ಹೊಸ ಕಾಯಿಲೆ

ಲೈನುಗಳು ಅಗಲವಾದಾಗ ಕಥೆ ಮುಗಿಯಿತೆಂದು ಅನೇಕರು ಭಾವಿಸಿದರು. 2010ರ ಸುಮಾರಿಗೆ ಕಂಪ್ಯೂಟರ್ ತಂತ್ರಜ್ಞ ಜಿಮ್ ಗೆಟ್ಟಿಸ್ ತಮ್ಮ ಮನೆಯ ವೇಗದ ಸಂಪರ್ಕ ಫೈಲ್ ಕಳಿಸುವಾಗ ಯಾಕೆ ತೆವಳುತ್ತದೆ ಎಂದು ಹುಡುಕಿ ಹೊರಟರು. ಮೆಮೊರಿ ಅಗ್ಗವಾಗಿ ಮೋಡೆಮ್ಮು, ರೂಟರುಗಳಲ್ಲಿ ದೈತ್ಯ ಬಫರ್‌ಗಳು ಸೇರಿಕೊಂಡಿದ್ದವು. ಟಿಸಿಪಿ ಅವನ್ನು ತುಂಬಿಸುತ್ತಲೇ ಹೋಗುತ್ತಿತ್ತು; ಹಿಂದೆ ಬಂದ ಮಾತು ಸೆಕೆಂಡುಗಟ್ಟಲೆ ಸಿಕ್ಕಿಬೀಳುತ್ತಿತ್ತು. ಗೆಟ್ಟಿಸ್ ಇದನ್ನು ಬಫರ್‌ಬ್ಲೋಟ್ ಎಂದು ಕರೆದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೊಟ್ಟ ಕೋಡೆಲ್ ವಿಧಾನ ಸಾಲಿನ ಉದ್ದದ ಬದಲು ಸಾಲಿನಲ್ಲಿ ಕಳೆದ ಸಮಯವನ್ನು ನೋಡಿತು. ಆ ಕಾಯುವಿಕೆ 100 ಮಿಲಿಸೆಕೆಂಡಿನ ಕಾಲ 5ಕ್ಕಿಂತ ಕೆಳಗೆ ಇಳಿಯದಿದ್ದರೆ ಪ್ಯಾಕೆಟ್ ಬಿಸಾಡಿ ಕಳಿಸುವವನಿಗೆ ಎಚ್ಚರಿಕೆ ಕೊಡುತ್ತದೆ.

ಅದೇ 2012ರಲ್ಲಿ ಒಪಸ್ ಕೋಡೆಕ್ ಮಾನಕವಾಯಿತು. 6ರಿಂದ 510 ಕಿಲೋಬಿಟ್‌ವರೆಗೆ ಹಿಗ್ಗಿ ಕುಗ್ಗುವ, ಕಳೆದ ಚೂರನ್ನು ಮುಂದಿನ ಪ್ಯಾಕೆಟ್ಟಿನಿಂದ ಪುನರ್‌ರಚಿಸಬಲ್ಲ ಒಪಸ್ ಜಾಣ್ಮೆಯನ್ನು ರೂಟರಿನಿಂದ ಫೋನಿಗೆ ತಂದಿತು. 2020ರಲ್ಲಿ ಕೋವಿಡ್ ಬಂದು ಕಚೇರಿಗಳು ಮನೆ ಸೇರಿದಾಗ ಅದರ ಬೆಲೆ ತಿಳಿಯಿತು. ಸಂಸ್ಥೆಯೊಳಗೆ ಹಚ್ಚಿದ 46ರ ಗುರುತಿಗೆ ಸಾರ್ವಜನಿಕ ಇಂಟರ್‌ನೆಟ್‌ನಲ್ಲಿ ಮರ್ಯಾದೆ ಸಿಗುವ ಖಾತರಿಯಿಲ್ಲ. ಅಲ್ಲಿ ಮಾತನ್ನು ಕಾಯುವವರು ಕೋಡೆಕ್ ಮತ್ತು ಮನೆಯ ರೂಟರ್ ಮಾತ್ರ.

ಹುಬ್ಬಳ್ಳಿಯ ಸಗಟು ವ್ಯಾಪಾರಿ, ಮಂಗಳೂರಿನ ಆಸ್ಪತ್ರೆ ಈಗ ನೂರು ಮೆಗಾಬಿಟ್ ಫೈಬರ್ ಪಡೆಯುವುದು ಕಷ್ಟವಲ್ಲ. ಅವರು ಮಾರಾಟಗಾರನನ್ನು ಕೇಳಬೇಕಾದ ಪ್ರಶ್ನೆಗಳೇ ಬೇರೆ. ಲೈನ್ ತುಂಬಿದಾಗ ವಿಳಂಬ ಎಷ್ಟಕ್ಕೆ ಏರುತ್ತದೆ? ಬ್ಯಾಕಪ್ ನಡೆಯುವಾಗ ಮಾತಿನ ಪ್ಯಾಕೆಟ್ ಯಾವ ಸಾಲಿನಲ್ಲಿ ನಿಲ್ಲುತ್ತದೆ? ಒಂದೇ ಹೊತ್ತಿಗೆ ಎಷ್ಟು ಕರೆಗೆ ಮಿತಿ ಹಾಕಿದ್ದೀರಿ? ಪ್ರತಿ ಕರೆಯ ಗುಣಮಟ್ಟದ ವರದಿ ನಮಗೆ ಸಿಗುತ್ತದೆಯೇ? ಈ ನಾಲ್ಕಕ್ಕೂ ಅಂಕಿಗಳಲ್ಲಿ ಉತ್ತರ ಬಂದ ಮೇಲೆ ಒಪ್ಪಂದಕ್ಕೆ ಸಹಿ ಹಾಕಲಿ. ಆಸ್ಪತ್ರೆಗೆ ಬರುವ ತುರ್ತು ಕರೆಯಲ್ಲಿ ವಿಳಾಸದ ಒಂದು ಪದ ನುಂಗಿಹೋದರೂ ಆಂಬುಲೆನ್ಸ್ ದಾರಿ ತಪ್ಪಬಹುದು. ಅದನ್ನು ತಡೆಯುವ ವಿದ್ಯೆ ಐವತ್ತು ವರ್ಷಗಳ ದುಡಿಮೆಯಿಂದ ನಮ್ಮ ಕೈಸೇರಿದೆ; ಬಳಸದೇ ಬಿಡುವುದಕ್ಕೆ ಈಗ ಯಾವ ನೆಪವೂ ಇಲ್ಲ.