ಫ್ಯಾಷನ್ ಜಾಹೀರಾತುಗಳಲ್ಲಿ ಸ್ತ್ರೀಯ ಭೋಗವಸ್ತು ಚಿತ್ರಣ

ಫ್ಯಾಷನ್ ಜಾಹೀರಾತುಗಳಲ್ಲಿ ಸ್ತ್ರೀಯ ಭೋಗವಸ್ತು ಚಿತ್ರಣ ಎಂದರೆ ಉಡುಪು, ಪಾದರಕ್ಷೆ, ಸುಗಂಧದ್ರವ್ಯ ಮೊದಲಾದವುಗಳ ಮಾರಾಟಕ್ಕಾಗಿ ಮಹಿಳೆಯ ವ್ಯಕ್ತಿತ್ವವನ್ನು ಮರೆಮಾಡಿ, ಆಕೆಯ ದೇಹವನ್ನು ಅಥವಾ ಅದರ ಒಂದು ಭಾಗವನ್ನಷ್ಟೇ ನೋಡುಗರ ಲೈಂಗಿಕ ಆಸಕ್ತಿಯ ವಸ್ತುವಾಗಿ ತೋರಿಸುವ ಕ್ರಮ. ಇದು ನಗ್ನತೆಗೆ ಪರ್ಯಾಯ ಪದವಲ್ಲ. ಮೈತುಂಬ ಬಟ್ಟೆ ತೊಟ್ಟ ರೂಪದರ್ಶಿಯನ್ನೂ, ಮುಖವನ್ನು ಚೌಕಟ್ಟಿನಿಂದ ಹೊರಗಿಟ್ಟು, ಹೀಗೆ ಚಿತ್ರಿಸಬಹುದು.

ಅಧ್ಯಯನಗಳು

ಐರೋಪ್ಯ ತೈಲಚಿತ್ರಗಳ ನಗ್ನ ಸ್ತ್ರೀಗೂ ಆಧುನಿಕ ಜಾಹೀರಾತಿಗೂ ಇರುವ ನಂಟನ್ನು ಕಲಾವಿಮರ್ಶಕ ಜಾನ್ ಬರ್ಜರ್ 1972ರ ತಮ್ಮ ಬಿಬಿಸಿ ಸರಣಿಯಲ್ಲಿ ತೋರಿಸಿದರು. 1975ರಲ್ಲಿ ಲಾರಾ ಮಲ್ವಿ ಹಾಲಿವುಡ್ ಚಲನಚಿತ್ರಗಳನ್ನು ಕುರಿತು 'ಪುರುಷ ನೋಟ' ಎಂಬ ಪರಿಕಲ್ಪನೆಯನ್ನು ಮಂಡಿಸಿದರು. ಅದು ಬಹುಬೇಗ ಜಾಹೀರಾತು ವಿಮರ್ಶೆಗೂ ಹಬ್ಬಿತು. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ ಅವರ ವಿಶ್ಲೇಷಣೆ ಇಂದಿಗೂ ಹೆಚ್ಚು ಉಪಯುಕ್ತ. ಅವರು ಗಮನಿಸಿದ್ದು ಬಟ್ಟೆಯ ಅಳತೆಯನ್ನಲ್ಲ, ಭಂಗಿಯನ್ನು: ನೆಲದ ಮೇಲೋ ಹಾಸಿಗೆಯ ಮೇಲೋ ಒರಗಿದ ಹೆಣ್ಣು, ಬಾಗಿದ ಮಂಡಿ, ವಾಲಿದ ತಲೆ, ಎಲ್ಲೋ ಕಳೆದುಹೋದ ದೃಷ್ಟಿ. ಗಂಡಿನ ಕೈ ವಸ್ತುವನ್ನು ಭದ್ರವಾಗಿ ಹಿಡಿದರೆ, ಹೆಣ್ಣಿನ ಬೆರಳು ಅದನ್ನು ಸುಮ್ಮನೆ ಸವರುತ್ತದೆ.

ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಟೋಮಿ-ಆನ್ ರಾಬರ್ಟ್ಸ್ 1997ರಲ್ಲಿ ಮಂಡಿಸಿದ ಸಿದ್ಧಾಂತವು ಪರಿಣಾಮದ ಕಡೆಗೆ ತಿರುಗಿತು. ಇಂಥ ನೋಟಕ್ಕೆ ಸದಾ ಒಳಗಾಗುವ ಮಹಿಳೆಯು ಕ್ರಮೇಣ ತನ್ನನ್ನು ತಾನೇ ಹೊರಗಿನವರ ಕಣ್ಣಿನಿಂದ ಅಳೆಯತೊಡಗುತ್ತಾಳೆ. ನಾಚಿಕೆ, ಆತಂಕ, ಆಹಾರಸೇವನೆಯ ತೊಂದರೆಗಳಿಗೆ ಇದು ದಾರಿಯಾಗಬಹುದು ಎಂಬುದು ಅವರ ವಾದ. ಮರುವರ್ಷ ಪ್ರಕಟವಾದ ಪ್ರಯೋಗವೊಂದರಲ್ಲಿ, ಒಂಟಿಯಾಗಿ ಕನ್ನಡಿಯೆದುರು ಈಜುಡುಗೆ ತೊಟ್ಟು ಗಣಿತದ ಲೆಕ್ಕ ಬಿಡಿಸಿದ ಮಹಿಳೆಯರು, ಸ್ವೆಟರ್ ತೊಟ್ಟವರಿಗಿಂತ ಕಡಿಮೆ ಅಂಕ ಗಳಿಸಿದರು. ಪುರುಷರಲ್ಲಿ ಈ ವ್ಯತ್ಯಾಸ ಕಂಡುಬರಲಿಲ್ಲ.

ವಿವಾದಗಳು

1980ರಲ್ಲಿ ಕ್ಯಾಲ್ವಿನ್ ಕ್ಲೈನ್ ಜೀನ್ಸ್‌ನ ದೂರದರ್ಶನ ಜಾಹೀರಾತಿನಲ್ಲಿ 15 ವರ್ಷದ ಬ್ರೂಕ್ ಶೀಲ್ಡ್ಸ್ ಆಡಿದ ದ್ವಂದ್ವಾರ್ಥದ ಮಾತು ಅಮೆರಿಕದಲ್ಲಿ ಕೋಲಾಹಲವೆಬ್ಬಿಸಿತು. ಕೆಲವು ಕೇಂದ್ರಗಳು ಅದರ ಪ್ರಸಾರವನ್ನು ನಿರಾಕರಿಸಿದವು. ಅದೇ ಸಂಸ್ಥೆ 1995ರಲ್ಲಿ ಹದಿಹರೆಯದವರಂತೆ ಕಾಣುವ ರೂಪದರ್ಶಿಗಳ ಮತ್ತೊಂದು ಸರಣಿಯನ್ನು ಟೀಕೆಗಳ ನಡುವೆ ಹಿಂತೆಗೆದುಕೊಂಡಿತು. 2007ರ ಡೋಲ್ಚೆ ಆ್ಯಂಡ್ ಗಬ್ಬಾನಾ ಚಿತ್ರದಲ್ಲಿ ಪುರುಷನೊಬ್ಬ ಮಹಿಳೆಯ ಮಣಿಕಟ್ಟನ್ನು ನೆಲಕ್ಕೊತ್ತಿ ಹಿಡಿದಿದ್ದರೆ, ಉಳಿದ ಪುರುಷರು ನಿಂತು ನೋಡುತ್ತಿದ್ದರು. ಸಾಮೂಹಿಕ ಅತ್ಯಾಚಾರವನ್ನು ಸೂಚಿಸುತ್ತದೆ ಎಂಬ ಆಕ್ಷೇಪದಿಂದ ಸ್ಪೇನ್‌ನಲ್ಲಿ ಅದನ್ನು ಹಿಂತೆಗೆಯಲಾಯಿತು, ಇಟಲಿಯಲ್ಲಿ ನಿಷೇಧಿಸಲಾಯಿತು.

ಭಾರತದಲ್ಲಿ

1986ರ ಮಹಿಳೆಯರ ಅಸಭ್ಯ ನಿರೂಪಣೆ (ನಿಷೇಧ) ಕಾಯಿದೆಯು ಇಂಥ ಜಾಹೀರಾತುಗಳನ್ನು ನಿಷೇಧಿಸುತ್ತದೆ. ಮೊದಲ ಅಪರಾಧಕ್ಕೆ ಗರಿಷ್ಠ 2 ವರ್ಷ ಸೆರೆವಾಸ ಮತ್ತು 2,000 ರೂಪಾಯಿವರೆಗೆ ದಂಡವಿದೆ. ಜಾಹೀರಾತಿನ ವೆಚ್ಚದೆದುರು ಈ ಮೊತ್ತ ನಗಣ್ಯ. ಕಾಯಿದೆಯ ವ್ಯಾಖ್ಯೆಯು ಮಹಿಳೆಗೆ ಅವಹೇಳನಕಾರಿಯಾದುದನ್ನೂ ಸಾರ್ವಜನಿಕ ನೈತಿಕತೆಯನ್ನು ಕೆಡಿಸುವುದನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ, ಘನತೆಯ ಪ್ರಶ್ನೆ ಅಶ್ಲೀಲತೆಯ ಪ್ರಶ್ನೆಯಲ್ಲಿ ಕರಗುವುದುಂಟು. 1995ರ ಟಫ್ ಶೂ ಜಾಹೀರಾತಿನಲ್ಲಿ ಮಧು ಸಪ್ರೆ ಮತ್ತು ಮಿಲಿಂದ್ ಸೋಮನ್, ಸ್ತ್ರೀಪುರುಷರಿಬ್ಬರೂ, ಶೂ ಮತ್ತು ಹೆಬ್ಬಾವಿನ ಹೊರತು ಬೆತ್ತಲಾಗಿದ್ದರು. ಅಶ್ಲೀಲತೆಯ ಆರೋಪದ ಆ ಮೊಕದ್ದಮೆ 2009ರಲ್ಲಿ ಖುಲಾಸೆಯಾಯಿತು.