ಕ್ಯಾನ್ಸರ್: ಪೂರಕ ಚಿಕಿತ್ಸೆಗೆ ವಿಮೆ ಉಂಟೇ?

ಕಿಮೋಥೆರಪಿಯಿಂದ ಉಂಟಾಗುವ ವಾಕರಿಕೆ, ವಾಂತಿಯ ಶಮನಕ್ಕೆ ಅಕ್ಯುಪಂಕ್ಚರ್ ಪರಿಣಾಮಕಾರಿ ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದಿದ್ದ ತಜ್ಞರ ಸಮಿತಿ 1997ರಲ್ಲಿಯೇ ಅಭಿಪ್ರಾಯಪಟ್ಟಿತ್ತು. ಬಳಲಿಕೆ, ನಿದ್ರಾಹೀನತೆಗೆ ಯೋಗವೂ ಉಪಯುಕ್ತ. ಇವು ಗಡ್ಡೆಯನ್ನು ಕರಗಿಸಲಾರವು, ಉಪಶಮನವಷ್ಟೇ.

ಖರ್ಚು ಯಾರದು? ಆಯುಷ್ ಚಿಕಿತ್ಸೆಗೂ ಇತರ ಚಿಕಿತ್ಸೆಗಳಷ್ಟೇ ವಿಮಾರಕ್ಷಣೆ ನೀಡಬೇಕೆಂಬ ವಿಮಾ ನಿಯಂತ್ರಣ ಪ್ರಾಧಿಕಾರದ ಸೂಚನೆ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆಯುರ್ವೇದ, ಯೋಗ, ಪ್ರಕೃತಿ ಚಿಕಿತ್ಸೆ, ಯುನಾನಿ, ಸಿದ್ಧ, ಹೋಮಿಯೋಪಥಿಗಳು ಆಯುಷ್ ವ್ಯಾಪ್ತಿಗೆ ಬರುತ್ತವೆ. ವಿಚಿತ್ರವೆಂದರೆ, ಅಕ್ಯುಪಂಕ್ಚರ್ ಈ ಪಟ್ಟಿಯಲ್ಲಿಲ್ಲ. ಅಲ್ಲದೆ ಬಹುತೇಕ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದವರಿಗಷ್ಟೇ ಅನ್ವಯಿಸುವುದರಿಂದ, ಮನೆಯಿಂದ ಯೋಗ ಕೇಂದ್ರಕ್ಕೆ ಹೋಗಿಬರುವ ರೋಗಿಗೆ ಹಣ ಸಿಗುವುದು ಅಪರೂಪ. ಹೊರರೋಗಿ ವೆಚ್ಚದ ಸೌಲಭ್ಯವಿದೆಯೇ ಎಂಬುದನ್ನು ಪಾಲಿಸಿಯಲ್ಲಿ ಮೊದಲೇ ಪರಿಶೀಲಿಸಬೇಕು. ಕೆಲವು ಗಿಡಮೂಲಿಕೆಗಳು ಕಿಮೋ ಔಷಧಿಯ ಪರಿಣಾಮವನ್ನೇ ಏರುಪೇರು ಮಾಡಬಲ್ಲವು. ಚಿಕಿತ್ಸೆ ನೀಡುತ್ತಿರುವ ಕ್ಯಾನ್ಸರ್ ತಜ್ಞರಿಗೆ ತಿಳಿಸದೆ ಅವುಗಳನ್ನು ಸೇವಿಸಬಾರದು.